ಇನ್ನೂರು ಕಿಲೋಮೀಟರು

ಬಾಡಿಗೆ ಕಾರಿನ ಹುಡುಗ ಮೊದಲು ಫೋಟೋ ತೆಗೆದ,
ನಮ್ಮದಲ್ಲ, ಕಾರಿನ ಗಾಯಗಳದ್ದು:
ಎಡಬಾಗಿಲಲ್ಲೊಂದು ಗೀರು, ಬಂಪರಿನಲ್ಲಿ ತಗ್ಗು.
ರಾತ್ರಿ ಎಂಟರೊಳಗೆ ಮರಳಬೇಕು.
ಇನ್ನೂರು ದಾಟಿದರೆ
ಕಿಲೋಮೀಟರಿಗೆ ಹನ್ನೆರಡು ರೂಪಾಯಿ.
ಒಳಗೆ ಕೊಳೆಯಾದರೆ ಐನೂರು.
"ಎಲ್ಲಿಗೆ ಮೇಡಂ?"
"ದ್ವೀಪಕ್ಕೆ," ಅಂದಳು ರೆಜಿನಾ.
ಅವನು ಫಾರಂನಲ್ಲಿ ಲೋಕಲ್ ಅಂತ ಬರೆದುಕೊಂಡ.

ಇಪ್ಪತ್ತಾರು ವರ್ಷ ಒಂದೇ ವಾರ್ಡಿನ
ರಾತ್ರಿಪಾಳಿ ಹಂಚಿಕೊಂಡವರು ನಾವು.
ಡ್ರೆಸ್ಸಿಂಗ್ ಕೋಣೆಯ ಬೀರುವಿನ ಒಳಬಾಗಿಲಿಗೆ
ಯಾವುದೋ ಔಷಧಿ ಕಂಪನಿಯ ಕ್ಯಾಲೆಂಡರಿನಿಂದ ಕತ್ತರಿಸಿ
ಅವಳು ಅಂಟಿಸಿದ್ದ ಸಮುದ್ರ:
ಬಿಳಿ ಮರಳು, ಒಂದು ತೆಂಗು, ಜನವೇ ಇಲ್ಲ.
ಹತ್ತಿ ತೆಗೆಯಲು ಹೋದಾಗೆಲ್ಲ
ಅರೆಗಳಿಗೆ ಅಲ್ಲಿದ್ದು ಬರುತ್ತಿದ್ದಳು.
ರಿಟೈರಾದ ಮೇಲೆ ವಿಮಾನದ ದುಡ್ಡು
ಮಂಡಿಗೆ ಹೋಯಿತು.
ಆ ಮಂಡಿಯ ಎಕ್ಸ್‌ರೇ ಲಕೋಟೆಯ ಬೆನ್ನಿಗೇ
ಬಾಲ್‌ಪೆನ್ನಿನಲ್ಲಿ ಕಾವೇರಿಯನ್ನೆಳೆದೆ ನಾನು,
ಹೊಳೆ ಎಲ್ಲೆಲ್ಲಿ ಎರಡಾಗುತ್ತದೋ
ಅಲ್ಲೆಲ್ಲ ಒಂದೊಂದು ಸೊನ್ನೆ.

ಮೊದಲ ಸೊನ್ನೆ ಶ್ರೀರಂಗಪಟ್ಟಣ.
ಬಸ್ಸಿನಲ್ಲಿ ತೂಕಡಿಸುತ್ತ ಸಾವಿರ ಸಲ ದಾಟಿದ್ದೇವೆ,
ಈ ಸೇತುವೆಗೂ ಆ ಸೇತುವೆಗೂ ನಡುವಿನದು ದ್ವೀಪ ಅಂತ
ಒಂದು ಸಲವೂ ಮೈಗೆ ಹತ್ತಿರಲಿಲ್ಲ.
ಸಂಗಮದ ಮೆಟ್ಟಿಲ ಮೇಲೆ ಪಿಂಡದ ಅನ್ನ, ಕಾಗೆ,
ತೆಪ್ಪದವನ ಚೌಕಾಸಿ.
"ಇದು ಬೀಚಲ್ಲ ಕಣೇ," ಅಂದಳು.
ಗೇರು ಹಾಕಿದೆ.

ನನ್ನ ಲೈಸೆನ್ಸಿಗೆ ಆಗಿನ್ನೂ ಏಳು ತಿಂಗಳು.
ಬನ್ನೂರಿನ ಹತ್ತಿರ ಕಬ್ಬಿನ ಟ್ರಾಕ್ಟರು ಎದುರಾಗಿ
ಅರ್ಧ ಫರ್ಲಾಂಗು ಹಿಂದಕ್ಕೆ ಬಿಟ್ಟೆ.
ಅವಳು ಮರಿಯಮ್ಮನನ್ನು ಕರೆದಳು, ನಾನು ಮಾರಮ್ಮನನ್ನು.
ಇಬ್ಬರಲ್ಲಿ ಒಬ್ಬಳು ಕೇಳಿಸಿಕೊಂಡಳು.

ತಲಕಾಡಿನಲ್ಲಿ ಮರಳಿತ್ತು, ಬೇಕಾದ್ದಕ್ಕಿಂತ ಹೆಚ್ಚೇ.
ಮರಳಿನಷ್ಟೇ ಜನ.
ಮೀನು ಕರಿಯುವ ಎಣ್ಣೆ, ಟ್ಯೂಬಿನಲ್ಲಿ ತೇಲುವ ಮದುವೆ ದಿಬ್ಬಣ,
ಪಾರ್ಕಿಂಗಿಗೆ ಐವತ್ತು.
ರೆಜಿನಾ ಲಕೋಟೆ ತಿರುಗಿಸಿ
ತನ್ನ ಮಂಡಿಯನ್ನೇ ಬಿಸಿಲಿಗೆ ಹಿಡಿದು ನೋಡಿದಳು.
"ಇನ್ನೊಂದಿದೆಯಲ್ಲ," ಅಂದಳು.

ಬೆಳಕವಾಡಿ ದಾಟಿ, ಟಾರು ಮುಗಿದು,
ಗದ್ದೆಬದಿಯ ಗಾಡಿಜಾಡೂ ಮುಗಿದು,
ಪಂಪ್‌ಹೌಸಿನ ಗೋಡೆಗೆ ಮೂಗು ತಾಗಿಸಿ ಕಾರು ನಿಂತಿತು.
ಬಾತುಕೋಳಿ ಕಾಯುತ್ತಿದ್ದ ಚಿಕ್ಕಮೊಗಯ್ಯ ಎದ್ದು ಬಂದ.
"ಇಲ್ಲೇ ಬುಡಿ. ಮೊಣಕಾಲುದ್ದ ನೀರು, ಅಷ್ಟೇಯ.
ಕಟ್ಟೇಲಿ ಬಾಗ್ಲು ತಗುದ್ರೆ ಮಾತ್ರ
ನಾಳೀಕೆ ಈ ದಿಬ್ಬ ಇರಾಕಿಲ್ಲ."
"ಏನು ಹೆಸರು ದಿಬ್ಬಕ್ಕೆ?"
"ವರ್ಸಾವರ್ಸ ಜಾಗ ಬದ್ಲಾಯ್ಸೋದುಕ್ಕೆ
ಯಾರವ್ವ ಹೆಸ್ರಿಕ್ತಾರೆ?"

ಆಪರೇಷನ್ನಾದ ಮೂರನೇ ದಿನ
ರೋಗಿಯನ್ನು ನಡೆಸುವ ಹಾಗೆ ನಡೆಸಿದೆ:
ಎಡಗಾಲು. ಉಸಿರು. ಬಲಗಾಲು. ಉಸಿರು.
ನಡುಹೊಳೆಯಲ್ಲಿ ಪಾಚಿಗಲ್ಲಿಗೆ ಜಾರಿದ್ದು ನಾನು,
ಹಿಡಿದದ್ದು ಅವಳು.

ಎರಡು ವಾರ್ಡಿನಷ್ಟು ಅಗಲ. ಒಂದು ಹೊಳೆಮತ್ತಿ.
ನೀರುನಾಯಿಯ ಹೆಜ್ಜೆ ನೀರಿನಿಂದ ಬಂದು
ನೀರಿಗೇ ಹೋಗಿತ್ತು.
ಯಾರದೋ ಒಂಟಿ ಹವಾಯಿ ಚಪ್ಪಲಿ.
ರೆಜಿನಾ ನೈಲಾನ್ ಸೀರೆಯಲ್ಲೇ ಅಂಗಾತ ಮಲಗಿದಳು.
"ಜನವೇ ಇಲ್ಲ."
"ನಾವಿದ್ದೀವಲ್ಲೇ."
"ನಾವು ಜನ ಅಲ್ಲ, ಡ್ಯೂಟಿ ಮುಗಿದಿದೆ."

ಆಚೆ ದಡದಲ್ಲಿ, ಇಳಿಯುವ ಗಡಿಬಿಡಿಯಲ್ಲಿ
ನಾನು ಯಾವ ಗುಂಡಿ ಒತ್ತಿದ್ದೆನೋ,
ಕಾರಿನ ನಾಲ್ಕೂ ಕೆಂಪುದೀಪ ಮಿಣುಕುತ್ತಿದ್ದವು
ಹದಿನೇಳನೇ ಬೆಡ್ಡಿನಲ್ಲಿ ಯಾರಿಗೋ ಸೀರಿಯಸ್ಸಾದ ಹಾಗೆ.
ನೋಡಿದೆವು.
ಇಬ್ಬರೂ ಏಳಲಿಲ್ಲ.

ಎಂಟೂ ಹತ್ತಕ್ಕೆ ಹುಡುಗ ಟಾರ್ಚು ಬಿಟ್ಟು ನೋಡಿದ.
ಹೊಸ ಗೀರಿಲ್ಲ. ಪೆಡಲಿನ ಕೆಳಗೆ, ಸೀಟಿನ ಹೊಲಿಗೆಯಲ್ಲಿ,
ಗೇರಿನ ಬುಡದಲ್ಲಿ ಮರಳು.
"ಯಾವ ಬೀಚು ಮೇಡಂ?"
ರೆಜಿನಾ ಐನೂರು ಎಣಿಸಿ ಕೊಟ್ಟಳು.
ನೂರಾ ಎಂಬತ್ತೇಳಾಗಿತ್ತು.
ಉಳಿದ ಹದಿಮೂರು ಮುಂದಿನ ಸಲಕ್ಕೆ ಹಿಡಿದಿಡಪ್ಪ, ಅಂದೆ.
"ಹಂಗೆಲ್ಲ ಬರಲ್ಲ ಮೇಡಂ," ಅಂದ,
ಮ್ಯಾಟನ್ನು ಫುಟ್‌ಪಾತಿನ ಕಲ್ಲಿಗೆ ಬಡಿಯುತ್ತ.