ನೀರು ಬರುವ ರಾತ್ರಿ

ಎಂಟು ದಿನಕ್ಕೊಮ್ಮೆ ನಲ್ಲಿ ಕೆಮ್ಮುತ್ತದೆ,
ರಾತ್ರಿ ಎರಡಕ್ಕೋ ಮೂರಕ್ಕೋ.
ಕೌಲ್ ಬಜಾರಿನ ನಮ್ಮ ಓಣಿಗೆ ಆಗಲೇ ಬೆಳಗು:
ಕೊಡ, ಬೈಗುಳ, ಮೋಟಾರಿನ ಗುರ್ರು.

ಮೊದಲೆಲ್ಲ ಅದು ನಮ್ಮ ಹೊತ್ತಾಗಿತ್ತು, ಎರ್ರಿಸ್ವಾಮಿ.
ಪೈಪು ನಿನ್ನ ಕೈಲಿ, ಡ್ರಮ್ಮಿನ ಮುಚ್ಚಳ ನನ್ನ ಕೈಲಿ,
ತುಂಬುವ ತನಕ ಬೇರೆ ಕೆಲಸವಿಲ್ಲ, ಮಾತು ಒಂದೇ.
ಮೇಸ್ತ್ರಿ ಮುಳುಗಿಸಿದ ಹದಿನೆಂಟು ಪೀಸಿನ ದುಡ್ಡು,
ನಿನ್ನ ತಮ್ಮನ ಹೊಸ ಫೋನು,
ಕೋಟೆಗುಡ್ಡದ ಲೈಟು ಇಡೀ ರಾತ್ರಿ ಉರಿಯುವುದು ಯಾರಿಗಾಗಿ ಎಂದು.
ಒಮ್ಮೆ ನೀರು ಉಕ್ಕಿ ಓಣಿಯ ಕೊನೆ ಮುಟ್ಟಿದರೂ
ನಮಗೆ ಖಬರಿಲ್ಲ.
ಜೈತುನ್‌ಬಿ ಕಿಟಕಿಯಿಂದ ಕೂಗಿದಳು:
"ಮೊನ್ನೆ ಲಗ್ನ ಆದೋರಂಗ ಮಾಡ್ತೀರಲ್ಲ, ನೀರು ಹೊಂಟೈತಿ!"

ಈಗ ನೀನೊಬ್ಬನೇ ಏಳುತ್ತೀ.
ನಾನು ಒಳಗೆ, ಎದೆಗಂಟಿದ ಬಾಯಿಯ ಜೊತೆ.
ನಲ್ಲಿ ಬಿಟ್ಟ ಸದ್ದಿಗೆ ಹಾಲು ತಾನಾಗಿ ಇಳಿಯುತ್ತದೆ.
ಇದನ್ನು ಯಾರಿಗೂ ಹೇಳಿಲ್ಲ.

ನಾನು ಜೇಬು ಹೊಲಿಯುತ್ತಿದ್ದೆ, ನೀನು ಜಿಪ್ಪು ಕೂರಿಸುತ್ತಿದ್ದೆ,
ಒಂದೇ ಪ್ಯಾಂಟು ನನ್ನ ಕೈಯಿಂದ ನಿನ್ನ ಕೈಗೆ
ದಿನಕ್ಕೆ ನೂರು ಸಲ.
ಒಂದು ಜೇಬಿನಲ್ಲಿ ಪೆಪ್ಪರಮಿಂಟು ಇಟ್ಟು ದಾಟಿಸಿದ್ದೆ,
ಗೋಡೌನೆಲ್ಲ ನಕ್ಕಿತ್ತು.
ಈಗಲೂ ಕೈಯಿಂದ ಕೈಗೆ ದಾಟಿಸುತ್ತೇವೆ,
ಬೆಚ್ಚಗಿನದೊಂದು.
ಅದಕ್ಕೆ ಜೇಬಿಲ್ಲ.

ನಮ್ಮ ಮಾತು ಈಗ ಮೇಸ್ತ್ರಿಯ ವಹಿ:
ಎಷ್ಟು ಕುಡಿಯಿತು, ಎಷ್ಟು ಮಲಗಿತು,
ಎಷ್ಟು ವಾಪಸು ಬಂತು.
"ಪಾಪನ ಟವೆಲ್ಲು ಎಲ್ಲೈತೆ?" ಅನ್ನುತ್ತೀ, ಗೋಡೆಗೆ ಹೇಳಿದಂತೆ.
ಹುಲಿಗಿ ಎಂದು ಕರೆದು ಎಷ್ಟು ದಿನವಾಯಿತೋ,
ನಾನೂ ಎಣಿಸಿಲ್ಲ, ನಿದ್ದೆಗೆಟ್ಟವಳಿಗೆ ಲೆಕ್ಕ ನಿಲ್ಲುವುದಿಲ್ಲ.

ಕೊಪ್ಪಳದಿಂದ ಅವ್ವ ಫೋನು ಮಾಡಿದರೆ ಮೊದಲ ಮಾತು,
"ಹಲ್ಲು ಬಂತೇನ?"
ನಾನು ಉಂಡೆನೋ ಇಲ್ಲವೋ ಕೇಳುವವಳು ಈಗ ನಿನ್ನವ್ವ.
ಎರಡು ವರ್ಷ ನನ್ನ ರೊಟ್ಟಿಯ ಅಂಚು ಮಾತ್ರ ನೋಡಿದ ಹೆಂಗಸು
ಮೊನ್ನೆ ಸೊಂಟಕ್ಕೆ ಎಣ್ಣೆ ತಿಕ್ಕುತ್ತ
ತೆಲುಗಿನಲ್ಲಿ ಏನೋ ಹೇಳತೊಡಗಿದಳು.
ನೀನು ಹುಟ್ಟಿದ ರಾತ್ರಿ, ಗಣಿಯ ಗುಡಿಸಲು,
ದೀಪಕ್ಕೆ ಎಣ್ಣೆ ಇರಲಿಲ್ಲ, ಹತ್ತಿರ ಯಾರೂ ಇರಲಿಲ್ಲ.
ನನಗೆ ಅರ್ಧ ತಿಳಿಯಿತು.
ಉಳಿದರ್ಧ ಅವಳ ಹೆಬ್ಬೆರಳಲ್ಲಿತ್ತು.

ಮತ್ತೆ ಜೈತುನ್‌ಬಿ.
ಲಗ್ನವಾಗಿ ಹನ್ನೊಂದು ವರ್ಷ, ಪಕ್ಕದ ಮಿಷನ್ನು ಅವಳದು.
ತುಂಡು ಬಟ್ಟೆಯಲ್ಲಿ ಗೇಣುದ್ದದ ಜೀನ್ಸು ಹೊಲಿದು ತಂದಿದ್ದಳು,
ನಿಜವಾದ ಜಿಪ್ಪು, ತಾಮ್ರದ ಗುಂಡಿ, ಎರಡು ಜೇಬು.
"ಎಂಟು ತಿಂಗಳಿಗೆ ಸರಿಯಾಗತೈತಿ" ಅಂದು
ತೊಟ್ಟಿಲನ್ನು ನೋಡಿದಳು, ಹತ್ತಿರ ಹೋಗಲಿಲ್ಲ.
ಎತ್ತಿಕೋ ಅಂದರೆ ಚುಚ್ಚೀತು,
ಅನ್ನದಿದ್ದರೂ ಚುಚ್ಚೀತು.
ನಾನು ಚಹಾ ಇಡಲು ಎದ್ದೆ.
ಬರುವಷ್ಟರಲ್ಲಿ ಚಪ್ಪಲಿ ಇರಲಿಲ್ಲ.

ಇವತ್ತು ನಲ್ಲಿ ಕೆಮ್ಮಿದಾಗ ಕೂಸು ಮಲಗಿತ್ತು.
ಹೊರಗೆ ಬಂದೆ.
ನೀನು ಕಟ್ಟೆಗೊರಗಿ ನಿದ್ದೆಹೋಗಿದ್ದೆ, ಕೈಲಿ ಪೈಪು ಹಾಗೇ,
ಉಗುರ ಸಂದಿಯ ನೀಲಿ ಇನ್ನೂ ಹೋಗಿಲ್ಲ.
ಡ್ರಮ್ಮು ತುಂಬಿ, ಮೆಟ್ಟಿಲಿಳಿದು,
ನೀರು ಜೈತುನ್‌ಬಿಯ ಕಿಟಕಿ ದಾಟಿ ಹೋಗುತ್ತಿತ್ತು.
ಯಾರೂ ಕೂಗಲಿಲ್ಲ.

"ಎರ್ರಿ" ಅಂದೆ.
ಬೆಚ್ಚಿ ಎದ್ದೆ ನೀನು, "ಪಾಪ ಎದ್ದಿತಾ?"
"ಇಲ್ಲ. ನಾ ಎದ್ದೀನಿ."

ತಿಳಿಯದೆ ಸ್ವಲ್ಪ ಹೊತ್ತು ನೋಡಿದೆ.
ಆಮೇಲೆ ಸರಿದು ಕೂತೆ, ಕಟ್ಟೆಯ ಮೇಲೆ ಒಂದು ಒದ್ದೆ ಜಾಗ.

ನಾಳೆಗೆ ಎಂಟು ತಿಂಗಳು ತುಂಬತಾವ, ಅಂದೆ.
"ಸೂಜಿ ಹಾಕಿಸಬೇಕಾ?"
ಅಲ್ಲ.
ಪ್ಯಾಂಟು.