ಗುರುವಾರದ ಲೆಕ್ಕ

ವೇಲ್ಸಿನ ಬೆಟ್ಟದ ಬುಡ, ಸ್ಲೇಟುಕಲ್ಲಿನ ಊರು.
ಮೊದಲು ಗಣಿ ಮುಚ್ಚಿತು, ಆಮೇಲೆ ಬ್ಯಾಂಕು,
ಹೋದ ವರ್ಷ ಮೂಲೆಯ ಲಾಂಡ್ರಿ.
ನಮ್ಮ ಚಾಪೆಲ್ ಮಾತ್ರ ಮುಚ್ಚಿಲ್ಲ.
ಮುಚ್ಚುವ ನಿರ್ಧಾರಕ್ಕೆ ಬೇಕಾದ ಕೋರಂ ಇಲ್ಲ.

ಮುನ್ನೂರು ಜನರ ಬೆಂಚುಗಳಲ್ಲಿ ಹನ್ನೊಂದು ಮಂದಿ.
ಹತ್ತಿರ ಬಂದು ಕೂರಿ ಎಂದು ಪಾಸ್ಟರ್ ಗೋಗರೆದರೂ
ಅವರವರ ಅಜ್ಜನ ಬೆಂಚು ಅವರವರಿಗೆ.
ನಾನು ಎಮ್ರಿಸ್, ಖಜಾಂಚಿ.
ಆರ್ಗನ್ ರಿಪೇರಿಗೆಂದು ಹದಿನಾಲ್ಕು ವರ್ಷ ಕೂಡಿಸಿದ್ದು
ಎರಡು ಸಾವಿರದ ನೂರಾ ಆರು ಪೌಂಡು.

ಆ ಜನವರಿ, ಕಾಣಿಕೆಯ ತಟ್ಟೆ ತಿರುಗಿ ಬಂದ ಮೇಲೆ
ಎಲೀನೆಡ್ ಎದ್ದು ನಿಂತಳು.
ಶಾಲೆಯಲ್ಲಿ ಮೂವತ್ತು ವರ್ಷ ಅಡುಗೆ ಮಾಡಿದವಳು.
'ಸಾಲಿನ ಕೊನೆಮನೆಯ ಹುಡುಗ ಶಾಲೆಗೆ ಹೋಗುತ್ತಿಲ್ಲ.
ಜ್ವರ ಅಲ್ಲ. ಅಂಗಿ ಒಗೆದಿಲ್ಲ.
ಯಂತ್ರ ಕೆಟ್ಟು ಎರಡು ತಿಂಗಳು, ತಾಯಿಗೆ ನಾಚಿಕೆ.'
ಅಷ್ಟೇ ಹೇಳಿ ಕೂತಳು.

ಪ್ರಾರ್ಥಿಸೋಣ ಎಂದರು ಪಾಸ್ಟರ್.
ಪ್ರಾರ್ಥಿಸಿದೆವು, ಉದ್ದಕ್ಕೆ.
ಆಮೆನ್ ಆದಮೇಲೂ ಅಂಗಿ ಕೊಳೆಯಾಗೇ ಇತ್ತು.

ನಾನು ಅಡ್ಡ ಮಾತಾಡಿದೆ, ಮುಚ್ಚಿಡುವುದಿಲ್ಲ.
ದೇವರ ಮನೆ ಬಟ್ಟೆ ಒಗೆಯುವ ಕಟ್ಟೆಯಲ್ಲ ಎಂದೆ.
ಆ ಆರ್ಗನ್ನು ನುಡಿಸುತ್ತಿದ್ದದ್ದು ನನ್ನಪ್ಪ
ಎಂಬುದನ್ನು ಹೇಳಲಿಲ್ಲ.
ಎಲೀನೆಡ್ ನನ್ನತ್ತ ತಿರುಗಿಯೂ ನೋಡದೆ ಅಂದಳು:
'ಅದೇ ವಾರ, ಅದೇ ಊರಲ್ಲಿ,
ಒಬ್ಬ ಕೈ ತೊಳೆದುಕೊಂಡ, ಒಬ್ಬ ಕಾಲು ತೊಳೆದ.
ಬೋಗುಣಿ ಎರಡು, ನೀರು ಒಂದೇ.'

ಕೈ ಎತ್ತಿದವರು ಏಳು. ನಾನು ಎತ್ತಲಿಲ್ಲ.

ಮಕ್ಕಳೇ ಇಲ್ಲದ ಮಕ್ಕಳ ಕೋಣೆಗೆ
ಎರಡು ಯಂತ್ರ ಬಂದವು, ಒಣಗಿಸುವುದೊಂದು.
ಗೇಟಿಗೆ ರಟ್ಟಿನ ಬೋರ್ಡು:
ಗುರುವಾರ. ಬಟ್ಟೆ ತನ್ನಿ. ಚಹಾ ಇದೆ.
ದೇವರ ಹೆಸರು ಹಾಕೋಣವೇ ಎಂದು ಯಾರೋ ಕೇಳಿದರು.
'ಕಲ್ಲಲ್ಲೇ ಕೆತ್ತಿದೆಯಲ್ಲ, ಮೇಲೆ ನೋಡಿ.'

ಮೊದಲ ಗುರುವಾರ ಯಾರೂ ಬರಲಿಲ್ಲ.
ಎರಡನೆಯದಕ್ಕೆ ನಮ್ಮದೇ ಪರದೆಗಳನ್ನು ಒಗೆದೆವು;
ಅವು ನೀಲಿಯೆಂದು ಅಂದೇ ಗೊತ್ತಾದದ್ದು.
ಮೂರನೆಯದಕ್ಕೆ ಬಂದ ಕುರಿಗಳ ಗೆಥಿನ್,
ಹೆಂಡತಿ ಹೋದಮೇಲೆ ಬದಲಿಸದ ಹಾಸಿಗೆ ಹೊದಿಕೆ ಹೊತ್ತು.
ಯಂತ್ರದ ಬಾಗಿಲು ಮುಚ್ಚುವಾಗ ಕೈ ಹಾಕಿ
ಒಂದು ದಿಂಬಿನ ಚೀಲ ಮಾತ್ರ ವಾಪಸು ಎಳೆದುಕೊಂಡ.
ಇದು ಬೇಡ, ಎಂದ.
ಎಲೀನೆಡ್ ಚಹಾಕ್ಕೆ ಇನ್ನೊಂದು ಚಮಚ ಸಕ್ಕರೆ ಹಾಕಿದಳು.

ಆಮೇಲೆ ಆಸರೆಮನೆಯ ರಾತ್ರಿಪಾಳಿಯ ಹೆಂಗಸರು.
ಆಮೇಲೆ, ಹಿಂಬಾಗಿಲಿಂದ, ಆ ಹುಡುಗನ ತಾಯಿ,
ಎರಡು ಕಪ್ಪು ಚೀಲ, ಕೋಟಿನ ಕಾಲರು ಮೇಲೆತ್ತಿ.
ಯಾರೂ ಏನೂ ಕೇಳಲಿಲ್ಲ.
ಅಷ್ಟು ಹೊತ್ತು ಏನೂ ಕೇಳದಿರುವುದು
ನಮ್ಮ ಸಭೆಗೆ ಹೊಸತು.

ನನಗೆ ಸಿಕ್ಕ ಕೆಲಸ ಕಾಲುಚೀಲ ಜೋಡಿಸುವುದು.
ಇಷ್ಟು ವರ್ಷ ಭಾನುವಾರದ ಮಡಿಯಲ್ಲಿದ್ದವನು
ಗುರುವಾರ ಮಡಿಸುವುದನ್ನು ಕಲಿತೆ,
ಬಿಸಿ ಆರುವ ಮುಂಚೆ, ಎಳೆದು, ಅಂಗೈಲಿ ಒತ್ತಿ.
ಕೆಲವು ಎಷ್ಟು ಪುಟ್ಟವೆಂದರೆ
ನನ್ನ ಹೆಬ್ಬೆರಳಿಗೂ ಸಾಲವು.

ಜಿಲ್ಲಾ ಕಚೇರಿಯ ವಾರ್ಷಿಕ ನಮೂನೆ ಬಂದಿದೆ.
ಭಾನುವಾರದ ಹಾಜರಿ: ಹನ್ನೊಂದು.
ಹೊಸದಾಗಿ ಸೇರಿದವರು: ಸೊನ್ನೆ.
ಆರ್ಗನ್: ಮೂರು ಸ್ವರಕ್ಕೆ ಈಗಲೂ ದನಿಯಿಲ್ಲ.
ಕೊನೆಗೆ ಷರಾ ಎಂಬ ಇಕ್ಕಟ್ಟು ಖಾನೆ.
ಪೆನ್ನಿನ ತುದಿ ಕಚ್ಚಿ ಬಹಳ ಹೊತ್ತು ಕೂತು ಬರೆದೆ:
ಜೋಡಿ ಸಿಗದ ಕಾಲುಚೀಲ ಇಪ್ಪತ್ಮೂರು.
ಎಸೆದಿಲ್ಲ.
ಸೋಪಿನ ಪುಡಿ ಮುಗಿಯುತ್ತ ಬಂದಿದೆ.