ನಾಲ್ಕನೇ ವರ್ಷದ ರಿಪೋರ್ಟ್

ಮೊದಲ ತುರಿಕಿ ಬಂತು.
ರಾತ್ರಿ ಒಂದಕ್ಕ ಎದ್ದು ಕೂತು
ಅಂಗಾಲು ಗೋಣಿಚೀಲಕ್ಕ ತಿಕ್ಕತಿದ್ದ ಶಿವಯೋಗೆಪ್ಪ,
ಯಾರಿಗೂ ಕೇಳಬಾರದ ಹಾಂಗ.
ಗೋಡಿ ಈಚೆ ನಾನು ಎಚ್ಚರ ಇದ್ದೆ.
ಆ ಸಪ್ಪಳ ನನಗ ಗೊತ್ತು,
ಹಳೇ ಲಿವರ್ ಇದ್ದಾಗಿನದು.

ನನ್ನ ತಮ್ಮನ ಕೆಲಸ ವಾಲ್ವ್ ತಿರುವೋದು.
ಎಂಟು ದಿನಕ್ಕೊಮ್ಮೆ ಶಾಪೇಟಿಗೆ, ಮರುದಿನ ಜೋರಾಪುರ ಪೇಟಿಗೆ,
ಉದ್ದನ್ನ ಕಬ್ಬಿಣದ ಕೀಲಿ ಹೆಗಲ ಮ್ಯಾಲ.
ವಿಜಯಪುರದ ಯಾವ ಪೈಪಿನಾಗ ಎಲ್ಲಿ ಕೆಸರು ಕಟ್ಟೈತಿ
ಕಣ್ಣು ಮುಚ್ಚಿ ಹೇಳತಾನ.
ತನ್ನೊಳಗಿನದು ಮಾತ್ರ
ಹೈದರಾಬಾದಿಗೆ ಹೋಗಿ ಕೇಳಬೇಕಾತು.

ಡಾಕ್ಟರ್ ರಾಯಚೂರು ಕಡೆಯವರು.
ಕಂಪ್ಯೂಟರಿನಾಗ ತೋರಿಸಿದ್ರು:
ಪಿತ್ತದ ನಾಳ, ಬೇರಿನ ಹಾಂಗ ಬೆಳ್ಳಗ,
ಒಂದು ಕಡೆ ಉಬ್ಬಿ, ಒಂದು ಕಡೆ ಎಳಿಯಷ್ಟಾಗಿ,
ಮತ್ತ ಉಬ್ಬಿ, ಮತ್ತ ಎಳಿಯಷ್ಟಾಗಿ,
ಮಣಿ ಪೋಣಿಸಿದ ಸರ.
ನೋಡಾಕ ಚಂದ ಇತ್ತು. ಅದಕ್ಕ ಅಂಜಿಕಿ ಬಂತು.
‘ಅದೇ ಬ್ಯಾನಿ, ತಿರುಗಿ ಬಂದೈತಿ’ ಅಂದ್ರು.

ತಿರುಗಿ ಅಂದ್ರ?
ಹಳೇ ಮನಿ ಬುಡಸಮೇತ ಕಿತ್ತು ಒಗದು
ಬ್ಯಾರೆ ಮನಿ ತಂದು ಕೂಡಿಸಿದ ಮ್ಯಾಲೂ
ಹಾವಿಗೆ ದಾರಿ ಹ್ಯಾಂಗ ನೆನಪಿರತೈತಿ?

ಯಾಕಂದ್ರ ಅದು ಅವನದಲ್ಲ. ನಂದು.
ಮೂರು ಪಾಲಿನಾಗ ಸುಮಾರು ಎರಡು ಪಾಲು.
ನಲವತ್ತೆರಡು ವರ್ಷ ನನ್ನೊಳಗ ಇದ್ದು
ಎರಡು ಬಾಣಂತನ, ಒಂದು ಗಂಡನ ಸಾವು,
ತಿಕೋಟಾ ಬಸ್ ಸ್ಟ್ಯಾಂಡಿನ ಮಿರ್ಚಿ ಭಜಿ, ಎಲ್ಲಾ ಅರಗಿಸಿಕೊಂಡದ್ದು.
‘ಚಲೋ ಐತಿ’ ಅಂತ ಮೂರು ಮಂದಿ ಸಹಿ ಹಾಕಿದ್ದು.

ಉಳದದ್ದು ನನ್ನಾಗ ತಿರುಗಿ ಬೆಳೀತು.
ನಾನು ಬಸ್ ಕಂಡಕ್ಟರ್. ಟಿಕೆಟ್ ಚೀಲದ ಪಟ್ಟಿ
ಹೊಲಗಿಯ ಕಲಿಗೆ ಉಜ್ಜಿದಾಗೊಮ್ಮೆ
‘ಯೋಗ್ಯಾ ಗುಳಿಗಿ ನುಂಗಿದನೋ ಇಲ್ಲೋ’ ಅಂತ ಬರತೈತಿ.
ಮುಂಜಾನೆ ಎಂಟು, ರಾತ್ರಿ ಎಂಟು.
ಗಡಿಯಾರ ತಪ್ಪೀತು, ಅಂವ ತಪ್ಪಿಸಿದಾಂವಲ್ಲ.

ಕೇಳಿಬಿಟ್ಟೆ: ನನ್ನದರಾಗ ಏನರ ಐಬು ಇತ್ತೇನ್ರಿ?
ಡಾಕ್ಟರ್ ಚಸ್ಮಾ ತೆಗದು ಮೇಜಿನ ಮ್ಯಾಲ ಇಟ್ರು.
‘ಇಲ್ಲವಾ. ಯಾಕ ಬರತೈತಿ ನಮಗೂ ಪೂರಾ ಗೊತ್ತಿಲ್ಲ.
ಒಂದೇ ರಕ್ತದವರು ಕೊಟ್ರ ಹೆಚ್ಚು ಅಂತಾರ ಕೆಲವರು,
ಹಂಗೇನಿಲ್ಲ ಅಂತಾರ ಕೆಲವರು.’

ಒಂದೇ ರಕ್ತ.
ಗ್ರೂಪ್ ಕೂಡಿದ ದಿನ ನಮ್ಮವ್ವ
ಓಣಿಗೆಲ್ಲಾ ಸಕ್ಕರಿ ಹಂಚಿದ್ಳು.

ಬಸ್ಸು ಸಿಂದಗಿ ದಾಟಿತ್ತು. ದೀಪ ಆರಿಸಿದ್ರು.
‘ಅಕ್ಕಾ, ನಿಂದು ಕೆಡಿಸಿದ್ನಲ್ಲ’ ಅಂದ.
ಬಾಜು ಮನಿಯಿಂದ ತಂದ ಬೋಗಾಣಿ
ನೆಗ್ಗಿಸಿ ಒಯ್ದು ಕೊಡಾಂವನ ದನಿ.
ಬಾಯಿ ಮುಚ್ಚಕೊಂಡು ಮಲಕೋ ಅಂತ ಬೈದೆ.
ಸಿಟ್ಟು ಖರೇನ ಇತ್ತು, ಯಾರ ಮ್ಯಾಲ ಅಂತ ತಿಳೀಲಿಲ್ಲ.
ಎರಡು ಗೇಣು ಆಚೆ
ನನ್ನ ಪಾಲು ಬ್ಯಾನಿ ತಿನ್ನಾಕತ್ತೈತಿ,
ಇಲ್ಲಿ ನನಗ ಏನೂ ನೋಯವಲ್ದು.

ಒಳಗ ಸಣ್ಣ ಪ್ಲಾಸ್ಟಿಕ್ ನಳಗಿ ಹಾಕ್ಯಾರ ಈಗ,
ಮೂರು ತಿಂಗಳಿಗೊಮ್ಮೆ ಬದಲಿ.
‘ಮುನಸಿಪಾಲ್ಟಿಗಿಂತ ಜಲ್ದಿ ರಿಪೇರಿ ಮಾಡತಾರ’
ಅಂತ ನಕ್ಕ ಯೋಗ್ಯಾ. ಕಣ್ಣಿನ ಬಿಳಿ ಭಾಗ
ಇನ್ನೂ ಪೂರಾ ಬಿಳಿ ಆಗಿಲ್ಲ.

ಇವತ್ತ ನಮ್ಮ ಶಾಪೇಟಿ ಪಾಳಿ.
ನಾಕಕ್ಕ ಎದ್ದು ಕೀಲಿ ಹೊತ್ತು ಹೋಗ್ಯಾನ.
ನಳದಾಗ ಮೊದಲ ಗಾಳಿ, ಉಸ್ ಅಂತ.
ಆಮ್ಯಾಲ ಕೆಂಪು ನೀರು, ಬಚ್ಚಲಕ್ಕ ಬಿಟ್ಟೆ.
ಆಮ್ಯಾಲ ಏನೂ ಇಲ್ಲ.
ಕೊಡ ಒಡ್ಡಿ ಕುಂತೀನಿ.
ಅಲ್ಲೆಲ್ಲೋ ಕತ್ತಲದಾಗ ಬಗ್ಗಿ
ತಿರುವಾಕತ್ತಿರಬೇಕು, ತುಸು ತುಸು.